ಕ್ಯಾಸೆಟ್ಟಿನಲ್ಲಿ ಕೂತಿದ್ದ ಕಂಪ್ಯೂಟರ್: ಝಡ್‌ಎಕ್ಸ್ ಸ್ಪೆಕ್ಟ್ರಂ ಮತ್ತು ಅದರ ಆಟಗಳು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಹಳೆಯ ಕ್ಯಾಸೆಟ್ ತಂದುಕೊಡುವವರು ಈಗಲೂ ಇದ್ದಾರೆ. ಊರಿನ ಯಕ್ಷಗಾನ, ಅಜ್ಜಿ ಹಾಡಿದ ಹಸೆ ಹಾಡು, ಕನ್ನಡ ಸಂಘದ ನಾಟಕ, ಹೀಗೆ ಏನಾದರೊಂದು. ಕೆಲವು ತಿಂಗಳ ಹಿಂದೆ ಮುಲುಂಡಿನ ಹಿರಿಯ ಕೇಳುಗರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕ್ಯಾಸೆಟ್ ಹಿಡಿದುಕೊಂಡು ಬಂದರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು.

"ಯಾರ ಹಾಡು ಸಾರ್ ಇದು?" ಅಂತ ಕೇಳಿದೆ.

"ಹಾಡಲ್ಲಮ್ಮ. ಇದರಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಂ ಇದೆ. 1988ರಲ್ಲಿ ನಾನೇ ಬರೆದದ್ದು, ಮಗಳಿಗೋಸ್ಕರ. ಆ ಕಂಪ್ಯೂಟರ್ ಯಾವತ್ತೋ ಗುಜರಿಗೆ ಹೋಯಿತು. ಟೇಪು ಮಾತ್ರ ಉಳಿದಿದೆ. ನಿಮ್ಮಲ್ಲಿ ಯಂತ್ರ ಇದೆಯಲ್ಲ, ಇದರಲ್ಲಿ ಏನಾದರೂ ಉಳಿದಿದೆಯೇ ನೋಡಿ."

ನಾನು ಕನ್ನಡ ಬಿ.ಎ. ಓದಿದವಳು. ಕ್ಯಾಸೆಟ್ಟಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಇರುತ್ತದೆ ಅನ್ನುವುದೇ ನನಗೆ ಹೊಸದು. ಹಾಕಿ ಕೇಳಿದೆವು. ಮೊದಲು 'ಪೀ...' ಎಂದು ಒಂದೇ ಎಳೆಯ ಶ್ರುತಿ. ಆಮೇಲೆ 'ಕರ್ರ್...' ಎಂದು ತಗಡನ್ನು ಕೆರೆದ ಹಾಗೆ ಒಂದು ಸದ್ದು. ಜೊತೆಯಲ್ಲಿದ್ದ ಹುಡುಗ ಕಿವಿ ಮುಚ್ಚಿಕೊಂಡ. ನಮ್ಮ ಹಿರಿಯ ಎಂಜಿನಿಯರ್ ಮಾತ್ರ ನಕ್ಕರು. "ಟೇಪು ಕೆಟ್ಟಿಲ್ಲ ಕಣಮ್ಮ, ಇದು ಇರಬೇಕಾದದ್ದೇ ಹೀಗೆ. ಇದು ಸ್ಪೆಕ್ಟ್ರಂ!"

ಅಂದಿನಿಂದ ಈ ಸ್ಪೆಕ್ಟ್ರಂ ಬೆನ್ನು ಹತ್ತಿದ್ದೇನೆ. ಆ ಕ್ಯಾಸೆಟ್ಟಿನ ಕಥೆ ಏನಾಯಿತು ಎಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಸ್ಪೆಕ್ಟ್ರಂ ಕಥೆ ಕೇಳಿ.

ಬಡವರ ಕಂಪ್ಯೂಟರ್

1980ರವರೆಗೆ ಬ್ರಿಟನ್ನಿನಲ್ಲಿ ಕಂಪ್ಯೂಟರ್ ಅಂದರೆ ಕಚೇರಿಯ, ವಿಶ್ವವಿದ್ಯಾಲಯದ ಸ್ವತ್ತು. ಅದನ್ನು ಸಾಮಾನ್ಯರ ಮನೆಗೆ ತಂದವರಲ್ಲಿ ಮೊದಲ ಸಾಲಿನ ಹೆಸರು ಕ್ಲೈವ್ ಸಿಂಕ್ಲೇರ್. 1940ರಲ್ಲಿ ಹುಟ್ಟಿದ ಈತ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಪುಟ್ಟ ರೇಡಿಯೊ ಕಿಟ್‌ಗಳನ್ನು ಅಂಚೆಯ ಮೂಲಕ ಮಾರುತ್ತಾ ಮೇಲೆ ಬಂದವರು. ಹೌದು, ಈ ಕಥೆಯೂ ರೇಡಿಯೊದಿಂದಲೇ ಶುರು! ಯಾವುದೇ ವಸ್ತುವಾಗಲಿ ಅದನ್ನು ಇನ್ನಷ್ಟು ಚಿಕ್ಕದಾಗಿ, ಇನ್ನಷ್ಟು ಅಗ್ಗವಾಗಿ ಮಾಡಬೇಕು ಎನ್ನುವುದು ಅವರ ಹಟ.

1980ರಲ್ಲಿ ಅವರ ಕೇಂಬ್ರಿಜ್ ಕಂಪನಿ ಝಡ್‌ಎಕ್ಸ್80 ಎಂಬ ಕಂಪ್ಯೂಟರನ್ನು 99.95 ಪೌಂಡಿಗೆ ಮಾರಿತು. ನೂರು ಪೌಂಡಿನೊಳಗೆ ಕಂಪ್ಯೂಟರ್ ಎಂದು ಜನ ಬೆರಗಾದರು. ಮರುವರ್ಷ ಬಂದ ಝಡ್‌ಎಕ್ಸ್81ರ ಬೆಲೆ 69.95 ಪೌಂಡ್. ಅದರ ಜ್ಞಾಪಕಶಕ್ತಿ ಬರೀ 1 ಕೆ, ಅಂದರೆ 1024 ಅಕ್ಷರಗಳಷ್ಟು. ನೀವು ಈವರೆಗೆ ಓದಿದ ಇಷ್ಟು ಮಾತೂ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಚದುರಂಗ ಆಡುವ ಪ್ರೋಗ್ರಾಂ ಬರೆದ ಪುಣ್ಯಾತ್ಮರೂ ಇದ್ದರು.

ಆಮೇಲೆ ಬಂದದ್ದೇ ನಮ್ಮ ಕಥಾನಾಯಕ. 1982ರ ಏಪ್ರಿಲ್ 23ರಂದು ಝಡ್‌ಎಕ್ಸ್ ಸ್ಪೆಕ್ಟ್ರಂ ಬಿಡುಗಡೆಯಾಯಿತು. 16 ಕೆ ಮಾದರಿಗೆ 125 ಪೌಂಡ್, 48 ಕೆ ಮಾದರಿಗೆ 175 ಪೌಂಡ್. ಶಾಲೆಗಳಿಗಾಗಿ ಬಿಬಿಸಿ ತನ್ನ ಹೆಸರು ಕೊಟ್ಟಿದ್ದ, ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋದ ದೊಡ್ಡ ಮಾದರಿಗೆ ಆಗ ಹೆಚ್ಚುಕಡಿಮೆ 400 ಪೌಂಡ್. ಆ ಬಿಬಿಸಿ ಗುತ್ತಿಗೆಗೆ ಸಿಂಕ್ಲೇರ್ ಕೂಡ ಆಸೆಪಟ್ಟಿದ್ದರು, ಸಿಗಲಿಲ್ಲ. ಏಕಾರ್ನ್ ಕಟ್ಟಿದವರಲ್ಲೊಬ್ಬರಾದ ಕ್ರಿಸ್ ಕರಿ ಹಿಂದೆ ಸಿಂಕ್ಲೇರ್ ಅವರ ಬಳಿಯೇ ಕೆಲಸ ಮಾಡಿದ್ದವರು. ಈ ಜಿದ್ದಾಜಿದ್ದಿಯನ್ನೇ ವಸ್ತುವಾಗಿಟ್ಟುಕೊಂಡು 2009ರಲ್ಲಿ ಬಿಬಿಸಿ 'ಮೈಕ್ರೋ ಮೆನ್' ಎಂಬ ಟಿವಿ ಚಿತ್ರವನ್ನು ಪ್ರಸಾರ ಮಾಡಿತು.

ಸ್ಪೆಕ್ಟ್ರಂ ಒಳಗಿನ ಯಂತ್ರ ರಿಚರ್ಡ್ ಆಲ್ಟ್‌ವಾಸರ್ ಅವರದು, ಅದಕ್ಕೆ ಬೇಸಿಕ್ ಭಾಷೆ ಕಲಿಸಿದವರು ಸ್ಟೀವ್ ವಿಕರ್ಸ್, ಹೊರಗಿನ ಚೆಂದ ರಿಕ್ ಡಿಕಿನ್‌ಸನ್ ಅವರದು. ಕೈಯಗಲದ ಕರಿ ಪೆಟ್ಟಿಗೆ, ಮೂಲೆಯಲ್ಲಿ ಕಾಮನಬಿಲ್ಲಿನಂಥ ನಾಲ್ಕು ಬಣ್ಣದ ಪಟ್ಟಿ, ಒತ್ತಿದರೆ ಮೆತ್ತಗೆ ಕುಸಿಯುವ ರಬ್ಬರ್ ಕೀಲಿಗಳು. ಪರದೆ ಎಂದರೆ ಮನೆಯ ಟಿವಿ. ಗಟ್ಟಿ ಕೀಲಿಮಣೆಗೆ ಹೆಚ್ಚು ಬಿಡಿಭಾಗ ಬೇಕು, ಹೆಚ್ಚು ಹಣ ಬೇಕು. ರಬ್ಬರಿನ ಒಂದೇ ಹಾಳೆಯಲ್ಲಿ ಎಲ್ಲ ಕೀಲಿಗಳನ್ನೂ ಮುಗಿಸಿದರು. ಇಡೀ ಯಂತ್ರದಲ್ಲಿ ಎಲ್ಲಿ ನೋಡಿದರೂ ಇದೇ ಉಳಿತಾಯದ ಜಾಣತನ.

ಬಣ್ಣದ ಜಗಳ

ಸ್ಪೆಕ್ಟ್ರಂ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ಪ್ರತಿ ಚುಕ್ಕಿಗೂ ಬೇರೆ ಬೇರೆ ಬಣ್ಣ ಕೊಡಬೇಕಾದರೆ ತುಂಬ ಮೆಮೊರಿ ಬೇಕು. ಅದಕ್ಕೆ ಪರದೆಯನ್ನು 768 ಚೌಕಗಳಾಗಿ ಹಂಚಿ, ಒಂದೊಂದು ಚೌಕದಲ್ಲಿ 8ಕ್ಕೆ 8 ಚುಕ್ಕಿ ಇಟ್ಟು, ಒಂದು ಚೌಕಕ್ಕೆ ಎರಡೇ ಬಣ್ಣ ಎಂದು ಕಟ್ಟುಮಾಡಿದರು. ಇಡೀ ಚಿತ್ರ 6912 ಬೈಟ್‌ಗಳಲ್ಲಿ ಮುಗಿಯಿತು. ಆದರೆ ಹಸಿರು ಮರದ ಪಕ್ಕ ಕೆಂಪು ಅಂಗಿಯವನು ನಡೆದುಹೋದರೆ ಒಂದೋ ಮರ ಕೆಂಪಾಗುತ್ತಿತ್ತು, ಇಲ್ಲವೇ ಅವನೇ ಹಸಿರಾಗುತ್ತಿದ್ದ! ಆಟಗಾರರು ಇದನ್ನು 'ಕಲರ್ ಕ್ಲಾಶ್' ಎಂದು ಕರೆದರು. ಈ ಕೊರತೆಯನ್ನು ಹೇಗೆ ಮರೆಮಾಚುವುದು ಎನ್ನುವುದರಲ್ಲೇ ಆಟ ಬರೆಯುವವರ ಅರ್ಧ ಜಾಣ್ಮೆ ಖರ್ಚಾಯಿತು.

ಸದ್ದಿನ ವಿಷಯದಲ್ಲೂ ಅಷ್ಟೆ. ಒಳಗೊಂದು ಪುಟ್ಟ ಸ್ಪೀಕರ್. ಅದಕ್ಕೆ ಗೊತ್ತಿದ್ದದ್ದು ಎರಡೇ ಸ್ಥಿತಿ: ಒಳಗೆ, ಹೊರಗೆ. ಅದನ್ನು ಒಳಗೆ ಹೊರಗೆ ಆಡಿಸುವ ಕೆಲಸವೂ ಮುಖ್ಯ ಚಿಪ್ಪಿನದೇ. ಅದು ಹಾಡುತ್ತಿರುವಾಗ ಬೇರೆ ಕೆಲಸ ನಿಲ್ಲಬೇಕು. ಅಡುಗೆಯವರನ್ನೇ ನಾದಸ್ವರ ಊದಲು ಕೂರಿಸಿದ ಹಾಗೆ!

ಹದಿನೇಳರ ಹುಡುಗರು

ಸಿಂಕ್ಲೇರ್ ಕನಸು ಕಂಡದ್ದು ಜನ ಮನೆಯಲ್ಲಿ ಲೆಕ್ಕಪತ್ರ ಬರೆಯುತ್ತಾರೆ, ಮಕ್ಕಳು ಪಾಠ ಕಲಿಯುತ್ತಾರೆ ಎಂದು. ಅಪ್ಪಂದಿರು ಕೊಂಡದ್ದೂ ಹಾಗೆ ಹೇಳಿಕೊಂಡೇ. ಆದರೆ ಮಕ್ಕಳು ಮಾಡಿದ್ದು ಆಟ. ಮೊದಲು ಆಡಿದರು, ಆಮೇಲೆ ತಾವೇ ಬರೆಯತೊಡಗಿದರು. ಸ್ವಿಚ್ ಹಾಕಿದ ಕೂಡಲೇ ಬೇಸಿಕ್ ಭಾಷೆ ಸಿದ್ಧವಾಗಿ ಕಾಯುತ್ತಿತ್ತು. ಜೊತೆಗೆ ಬಂದ ಪುಸ್ತಕ ಪ್ರೋಗ್ರಾಂ ಬರೆಯುವುದನ್ನು ಮೊದಲಿನಿಂದ ಕಲಿಸುತ್ತಿತ್ತು. ಪತ್ರಿಕೆಗಳು ಪುಟಗಟ್ಟಲೆ ಪ್ರೋಗ್ರಾಂ ಅಚ್ಚು ಹಾಕುತ್ತಿದ್ದವು. ಅದನ್ನು ನೋಡಿಕೊಂಡು ಟೈಪು ಮಾಡಿ, ಎಲ್ಲೋ ಒಂದು ಚುಕ್ಕಿ ತಪ್ಪಿ, ಆ ತಪ್ಪು ಹುಡುಕುತ್ತಾ ಒಂದು ತಲೆಮಾರು ಕಂಪ್ಯೂಟರ್ ಕಲಿಯಿತು.

ಅವರಲ್ಲಿ ಹೆಸರಾದವನು ಲಿವರ್‌ಪೂಲ್ ಬಳಿಯ ಹುಡುಗ ಮ್ಯಾಥ್ಯೂ ಸ್ಮಿತ್. 1983ರಲ್ಲಿ, ಹದಿನೇಳು ವಯಸ್ಸಿನ ಆಸುಪಾಸಿನಲ್ಲಿ, ಕೆಲವೇ ವಾರಗಳಲ್ಲಿ ಬರೆದದ್ದು 'ಮ್ಯಾನಿಕ್ ಮೈನರ್'. ವಿಲ್ಲಿ ಎಂಬ ಗಣಿ ಕೆಲಸಗಾರ 20 ಗುಹೆಗಳನ್ನು ದಾಟಬೇಕು. ಪ್ರತಿ ಗುಹೆಯಲ್ಲೂ ಹೊಳೆಯುವ ವಸ್ತುಗಳನ್ನು ಆಯ್ದುಕೊಂಡು, ಗಾಳಿ ಮುಗಿಯುವ ಮೊದಲು ಹೊರಬೀಳಬೇಕು. ಒಂದೇ ಒಂದು ನೆಗೆತ ತಪ್ಪಿದರೂ ಸಾವು. ಆಟದ ಉದ್ದಕ್ಕೂ ಸಂಗೀತ ಕೇಳಿಸುತ್ತದೆ. ಆಗ ಸ್ಪೆಕ್ಟ್ರಂನಲ್ಲಿ ಅದು ಹೊಸತು. ಚಿತ್ರ ಬದಲಾಗುವ ನಡುವೆ ಸಿಕ್ಕ ಚೂರುಪಾರು ಹೊತ್ತಿನಲ್ಲಿ ಒಂದೊಂದೇ ಸ್ವರವನ್ನು ತುರುಕಿ, ಗ್ರೀಗ್ ಎಂಬ ನಾರ್ವೆಯ ಸಂಗೀತಗಾರನ ಕೃತಿಯೊಂದನ್ನು ಆ ಹುಡುಗ ನುಡಿಸಿದ್ದ. ಅಡುಗೆ ಮಾಡುತ್ತಲೇ ನಾದಸ್ವರ!

ಮರುವರ್ಷ 'ಜೆಟ್ ಸೆಟ್ ವಿಲ್ಲಿ' ಬಂತು. ಗಣಿಯಲ್ಲಿ ದುಡ್ಡು ಮಾಡಿದ ವಿಲ್ಲಿ ಈಗ ಬಂಗಲೆಯ ಯಜಮಾನ. ಪಾರ್ಟಿ ಮುಗಿದ ಮೇಲೆ ಮನೆ ಸ್ವಚ್ಛ ಮಾಡದೆ ಮಲಗಬಾರದು ಎಂದು ಮನೆ ನೋಡಿಕೊಳ್ಳುವ ಹೆಂಗಸು ಮಂಚದ ಬಳಿ ಕಾವಲು ನಿಂತಿದ್ದಾಳೆ! ಜನ ಮುಗಿಬಿದ್ದು ಕೊಂಡರು. ಆದರೆ ಅಟ್ಟದ ಕೋಣೆಗೆ ಕಾಲಿಟ್ಟ ಮೇಲೆ ಬೇರೆ ಕೆಲವು ಕೋಣೆಗಳಿಗೆ ಹೋದರೆ ವಿಲ್ಲಿ ಸುಮ್ಮಸುಮ್ಮನೆ ಸಾಯುತ್ತಿದ್ದ. ಪ್ರೋಗ್ರಾಂನಲ್ಲೇ ದೋಷ. ಆ ಕೋಣೆಗಳಲ್ಲಿ ವಿಷದ ಗಾಳಿ ತುಂಬಿದೆ, ಅದು ಆಟದ ಭಾಗವೇ ಎಂದು ಮಾರಿದವರು ಮೊದಮೊದಲು ಹೇಳಿನೋಡಿದರು. ಆಟಗಾರರು ಬಿಡಲಿಲ್ಲ. ಮೆಮೊರಿಯ ಯಾವ ಮನೆಯಲ್ಲಿ ಯಾವ ಸಂಖ್ಯೆ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ತಾವೇ ಕಂಡುಹಿಡಿದರು. ಕೊಂಡವರೇ ರಿಪೇರಿ ಮಾಡಿಕೊಳ್ಳುವಷ್ಟು ಆ ಯಂತ್ರ ಬಿಚ್ಚುಮನಸ್ಸಿನದಾಗಿತ್ತು. ಇಂದಿನ ಫೋನಿನಲ್ಲಿ ಇದು ಸಾಧ್ಯವೇ?

ಮ್ಯಾಥ್ಯೂ ಸ್ಮಿತ್ ಅಂಥ ಇನ್ನೊಂದು ಆಟ ಕೊಡಲಿಲ್ಲ. ಹರೆಯದಲ್ಲೇ ಬಂದ ಕೀರ್ತಿಯ ಭಾರ ಹೊರಲಾರದೆ ಈ ಲೋಕದಿಂದ ದೂರವಾದರು, ಕೆಲವು ಕಾಲ ಹಾಲೆಂಡಿನಲ್ಲಿದ್ದರು. 'ಆತ ಎಲ್ಲಿ?' ಎಂದು ಅಭಿಮಾನಿಗಳು ವರ್ಷಗಟ್ಟಲೆ ಹುಡುಕಿದರು. ಆಮೇಲೆ ಮರಳಿ ಬಂದು ಹಳೆಯ ಅಭಿಮಾನಿಗಳನ್ನು ಭೇಟಿಯಾದರು ಎನ್ನುವುದು ಸಮಾಧಾನದ ಸಂಗತಿ.

ಇನ್ನೊಂದು ದಿಕ್ಕಿನಲ್ಲಿ, ಲೆಸ್ಟರ್‌ಶೈರಿನ ಪುಟ್ಟ ಊರೊಂದರಲ್ಲಿ, ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಅಣ್ಣತಮ್ಮಂದಿರು 'ಅಲ್ಟಿಮೇಟ್' ಹೆಸರಿನಲ್ಲಿ ಆಟ ತಯಾರಿಸುತ್ತಿದ್ದರು. 1983ರ 'ಜೆಟ್‌ಪ್ಯಾಕ್' 16 ಕೆ ಯಂತ್ರದಲ್ಲೇ ಓಡುತ್ತಿತ್ತು. 1984ರ 'ನೈಟ್ ಲೋರ್' ನೋಡಿದವರು ದಂಗಾದರು. ಕೋಣೆಗಳು ಮೂಲೆಯಿಂದ ನೋಡಿದಂತೆ ಉದ್ದ, ಅಗಲ, ಎತ್ತರದೊಂದಿಗೆ ಕಾಣುತ್ತಿದ್ದವು. ಬಣ್ಣದ ಜಗಳಕ್ಕೆ ಅವರ ಪರಿಹಾರ ನೋಡಿ: ಒಂದು ಕೋಣೆಗೆ ಒಂದೇ ಬಣ್ಣ. ಜಗಳವಾಡಲು ಎರಡನೆಯ ಬಣ್ಣವೇ ಇಲ್ಲ! ಈ ಆಟ ಮೊದಲೇ ಸಿದ್ಧವಿತ್ತು, ಆಗಲೇ ಬಿಟ್ಟಿದ್ದರೆ ತಮ್ಮ ಉಳಿದ ಆಟಗಳು ಹಳತಾಗಿ ಕಾಣುತ್ತಿದ್ದವು, ಅದಕ್ಕೇ ತಡೆಹಿಡಿದಿದ್ದೆವು ಎಂದು ಅಣ್ಣತಮ್ಮಂದಿರು ನಂತರ ಹೇಳಿಕೊಂಡರು. ಇವರೇ ಮುಂದೆ 'ರೇರ್' ಕಂಪನಿ ಕಟ್ಟಿದರು. 2002ರಲ್ಲಿ ಮೈಕ್ರೋಸಾಫ್ಟ್ ಅದನ್ನು 37.5 ಕೋಟಿ ಡಾಲರಿಗೆ ಕೊಂಡಿತು.

'ದಿ ಹಾಬಿಟ್' ಬಂದದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ, 1982ರಲ್ಲಿ. ಬರೆದವರಲ್ಲಿ ಮುಖ್ಯರು ವೆರೋನಿಕಾ ಮೆಗ್ಲರ್ ಎಂಬ ವಿದ್ಯಾರ್ಥಿನಿ ಮತ್ತು ಫಿಲಿಪ್ ಮಿಚೆಲ್. ಟೋಲ್ಕಿನ್ ಕಾದಂಬರಿಯ ಲೋಕದಲ್ಲಿ ನಾವು ವಾಕ್ಯಗಳನ್ನು ಟೈಪು ಮಾಡುತ್ತಾ ಸಾಗಬೇಕು. ಕಥೆಯ ಪಾತ್ರಗಳು ನಮ್ಮ ಅಪ್ಪಣೆಗೆ ಕಾಯದೆ ತಮ್ಮಷ್ಟಕ್ಕೆ ತಿರುಗಾಡುತ್ತಿದ್ದವು. ಅವಸರದಲ್ಲಿ ನಾವು ಒದ್ದಾಡುತ್ತಿದ್ದರೆ ಜೊತೆಗಾರ ಥೋರಿನ್ ಆರಾಮಾಗಿ ಕೂತು ಚಿನ್ನದ ಹಾಡು ಹಾಡುತ್ತಿದ್ದ. ಆಗಿನ ಮಕ್ಕಳು ಈಗ ಅರವತ್ತರ ಹತ್ತಿರದಲ್ಲಿದ್ದಾರೆ, ಅದನ್ನು ನೆನೆದು ಇನ್ನೂ ನಗುತ್ತಾರೆ.

ಗಾಳಿಯಲ್ಲಿ ಬಂದ ಪ್ರೋಗ್ರಾಂ

ನನ್ನಂಥ ರೇಡಿಯೊದವಳಿಗೆ ರೋಮಾಂಚನ ತಂದದ್ದು ಮುಂದಿನ ವಿಷಯ.

ಸ್ಪೆಕ್ಟ್ರಂಗೆ ಡಿಸ್ಕ್ ಇರಲಿಲ್ಲ, ಡಿಸ್ಕ್ ದುಬಾರಿ. ಆದರೆ ಮನೆಮನೆಯಲ್ಲೂ ಟೇಪ್‌ರೆಕಾರ್ಡರ್ ಇತ್ತು. ಹಾಗಾಗಿ ಪ್ರೋಗ್ರಾಮನ್ನು ಸದ್ದಾಗಿ ಬದಲಾಯಿಸಿ ಕ್ಯಾಸೆಟ್ಟಿಗೆ ತುಂಬಿದರು. ಕಂಪ್ಯೂಟರಿನ ಭಾಷೆ ಸೊನ್ನೆ ಮತ್ತು ಒಂದು. ಸೊನ್ನೆಗೆ ಗಿಡ್ಡ ಅಲೆ, ಒಂದಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಲಘು, ಗುರು! ಕನ್ನಡ ಮೇಷ್ಟ್ರು ಕಲಿಸಿದ ಛಂದಸ್ಸು ಇಲ್ಲಿ ಎದುರಾಗುತ್ತದೆಂದು ನಾನು ಎಣಿಸಿರಲಿಲ್ಲ. ಮೊದಲು ಕೇಳುವ 'ಪೀ...' ಎನ್ನುವುದು ಕಂಪ್ಯೂಟರಿಗೆ ಎಚ್ಚರಿಕೆ, ನಾವು ಪ್ರಸಾರಕ್ಕೆ ಮುನ್ನ ಶ್ರುತಿ ನೋಡಿಕೊಳ್ಳುವ ಹಾಗೆ. ಆಗ ಟಿವಿಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಓಡುತ್ತವೆ. ನಿಜವಾದ ಪ್ರೋಗ್ರಾಂ ಶುರುವಾದಾಗ ಅವು ನೀಲಿ, ಹಳದಿ ಆಗುತ್ತವೆ. ದೊಡ್ಡ ಆಟ ಒಳಗೆ ಹೋಗಲು ಐದು ನಿಮಿಷದಷ್ಟು ಬೇಕು. ಕೊನೆಯಲ್ಲಿ ಒಂದು ಮೊತ್ತ ತಾಳೆಯಾಗಬೇಕು. ಆಗದಿದ್ದರೆ 'ಟೇಪ್ ಲೋಡಿಂಗ್ ಎರರ್' ಎಂಬ ಸಾಲು. ಮತ್ತೆ ಮೊದಲಿನಿಂದ.

ಸದ್ದೇ ಪ್ರೋಗ್ರಾಂ ಆದ ಮೇಲೆ ಅದನ್ನು ರೇಡಿಯೊದಲ್ಲಿ ಬಿತ್ತರಿಸಬಾರದೇಕೆ? ಬಿತ್ತರಿಸಿದರು! ಹಾಲೆಂಡಿನ 'ಹಾಬಿಸ್ಕೂಪ್' ಕಾರ್ಯಕ್ರಮ ಇದರಲ್ಲಿ ಮೊದಲಿಗರಲ್ಲೊಂದು. ಬೇರೆ ಬೇರೆ ಕಂಪನಿಯ ಕಂಪ್ಯೂಟರುಗಳಿಗೂ ಅರ್ಥವಾಗಲಿ ಎಂದು ಅವರು 'ಬೇಸಿಕೋಡ್' ಎಂಬ ಪದ್ಧತಿಯನ್ನೇ ರೂಪಿಸಿದರು. ಬಿಬಿಸಿ ರೇಡಿಯೊ 4 ತನ್ನ 'ಚಿಪ್ ಶಾಪ್' ಕಾರ್ಯಕ್ರಮದೊಂದಿಗೆ ಅದನ್ನೇ ಬಳಸಿತು. ಯುಗೋಸ್ಲಾವಿಯಾದಲ್ಲಿ ವಿದೇಶಿ ಕಂಪ್ಯೂಟರ್ ತರಿಸಲು ಕಟ್ಟುನಿಟ್ಟಿನ ನಿರ್ಬಂಧವಿತ್ತು. ಜನ ಕದ್ದುಮುಚ್ಚಿ ಸ್ಪೆಕ್ಟ್ರಂ ತರುತ್ತಿದ್ದರು. ಅಲ್ಲದೆ ವೋಯಾ ಆಂಟೋನಿಚ್ ಎಂಬ ಎಂಜಿನಿಯರ್ ಮನೆಯಲ್ಲೇ ಜೋಡಿಸಬಹುದಾದ 'ಗಲಾಕ್ಸಿಯಾ' ಕಂಪ್ಯೂಟರನ್ನು 1983ರಲ್ಲಿ ರೂಪಿಸಿದರು. ಇವರಿಗೆಲ್ಲ ಬೆಲ್‌ಗ್ರೇಡ್ ಆಕಾಶವಾಣಿಯ 'ವೆಂಟಿಲೇಟರ್ 202' ಕಾರ್ಯಕ್ರಮದಲ್ಲಿ ಝೋರಾನ್ ಮೋಡ್ಲಿ ಎಂಬ ಉದ್ಘೋಷಕರು ಪ್ರೋಗ್ರಾಂ ಬಿತ್ತರಿಸುತ್ತಿದ್ದರು. ಕೇಳುಗರು ರೇಡಿಯೊ ಪಕ್ಕ ಟೇಪ್‌ರೆಕಾರ್ಡರ್ ಸಿದ್ಧವಾಗಿಟ್ಟುಕೊಂಡು ಕೂರುತ್ತಿದ್ದರು. ಮೋಡ್ಲಿ ವಿಮಾನದ ಪೈಲಟ್ ಕೂಡ ಆಗಿದ್ದರು. 2020ರಲ್ಲಿ ತೀರಿಕೊಂಡರು.

ಒಮ್ಮೆ ಯೋಚಿಸಿ. ನಮ್ಮಲ್ಲಿ ಅರ್ಧ ನಿಮಿಷ ಮೌನವಾದರೆ ಫೋನ್ ಬರುತ್ತದೆ. ಆ ಮಹಾನುಭಾವ ನಿಮಿಷಗಟ್ಟಲೆ 'ಕರ್ರ್' ಎಂಬ ಸದ್ದನ್ನು ಪ್ರಸಾರ ಮಾಡುತ್ತಿದ್ದರು, ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು!

ಇಳಿಹೊತ್ತು

ಸಿಂಕ್ಲೇರ್ ಅವರಿಗೆ 1983ರಲ್ಲಿ 'ಸರ್' ಪದವಿ ಬಂತು. 1984ರ ಆರಂಭದಲ್ಲಿ ಅವಸರವಾಗಿ ಪ್ರಕಟಿಸಿದ ಕ್ಯೂಎಲ್ ಕಂಪ್ಯೂಟರ್ ಕೈಕೊಟ್ಟಿತು. 1985ರ ಜನವರಿಯಲ್ಲಿ ಸಿ5 ಎಂಬ ಮೂರು ಗಾಲಿಯ ವಿದ್ಯುತ್ ಗಾಡಿ ತಂದರು. ಚಳಿ ಮಳೆಯಲ್ಲಿ ಲಾರಿಗಳ ನಡುವೆ ನೆಲಕ್ಕಂಟಿದಂತೆ ಹೋಗುವ ಆ ಗಾಡಿಯನ್ನು ಜನ ನೋಡಿ ನಕ್ಕರು, ಕೊಳ್ಳಲಿಲ್ಲ. ಸಾಲ ಏರಿತು. 1986ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ವ್ಯವಹಾರವನ್ನೂ ಹೆಸರನ್ನೂ ಆಮ್‌ಸ್ಟ್ರಾಡ್ ಕಂಪನಿಗೆ 50 ಲಕ್ಷ ಪೌಂಡಿಗೆ ಮಾರಿಬಿಟ್ಟರು. ಆಮ್‌ಸ್ಟ್ರಾಡ್ ಅದಕ್ಕೆ ಟೇಪ್‌ರೆಕಾರ್ಡರ್ ಅಂಟಿಸಿ, ಆಮೇಲೆ ಡಿಸ್ಕ್ ಅಂಟಿಸಿ 1992ರವರೆಗೆ ನಡೆಸಿತು. ಒಟ್ಟು ಸುಮಾರು 50 ಲಕ್ಷ ಸ್ಪೆಕ್ಟ್ರಂಗಳು ಮಾರಾಟವಾದವು. ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನಲ್ಲಿ ಲೆನಿನ್‌ಗ್ರಾಡ್, ಪೆಂಟಗನ್, ಡಿಡಾಕ್ಟಿಕ್ ಮೊದಲಾದ ಹೆಸರಿನಲ್ಲಿ ತಯಾರಾದ ನಕಲುಗಳು ಈ ಲೆಕ್ಕಕ್ಕೆ ಸೇರಿಲ್ಲ. ಕ್ಲೈವ್ ಸಿಂಕ್ಲೇರ್ 2021ರ ಸೆಪ್ಟೆಂಬರಿನಲ್ಲಿ ನಿಧನರಾದರು. ತಾವು ಇ-ಮೇಲ್ ಬಳಸುವುದಿಲ್ಲ ಎಂದು ಹೇಳಿಕೊಂಡಿದ್ದ ಮನುಷ್ಯ!

ನಮ್ಮ ದೇಶಕ್ಕೂ ಸ್ಪೆಕ್ಟ್ರಂ ಬಂದಿತ್ತು. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರಕಾರ ಕಂಪ್ಯೂಟರ್ ನೀತಿಯನ್ನು ಸಡಿಲಿಸಿತು. ಶಾಲೆಗಳಿಗೆ 'ಕ್ಲಾಸ್' ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಬಂತು. ಮನೆಗಳಿಗಾಗಿ 1986ರ ಸುಮಾರಿಗೆ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಲೈಸೆನ್ಸ್ ಪಡೆದು 'ಡಿಬಿ ಸ್ಪೆಕ್ಟ್ರಂ ಪ್ಲಸ್' ಮಾರಿತು. ಡೆಸಿಬೆಲ್ ಅಂದರೆ ಸದ್ದಿನ ಅಳತೆ. ಎಂಥ ಹೊಂದಾಣಿಕೆ! ಮುಲುಂಡಿನ ಹಿರಿಯರು ಕಂತಿನಲ್ಲಿ ಕೊಂಡದ್ದು ಅದನ್ನೇ.

ಆ ಕ್ಯಾಸೆಟ್

ಈಗ ಅವರ ಕ್ಯಾಸೆಟ್ಟಿಗೆ ಬರೋಣ. ಇಂದು ಸ್ಪೆಕ್ಟ್ರಂ ಯಂತ್ರವೇ ಬೇಕಾಗಿಲ್ಲ. ಅದರಂತೆ ನಟಿಸುವ ಎಮ್ಯುಲೇಟರ್ ತಂತ್ರಾಂಶಗಳಿವೆ. ಸದ್ದನ್ನು ಕಂಪ್ಯೂಟರಿಗೆ ತುಂಬಿ ಕೊಟ್ಟೆವು. ಕೆಂಪು ಪಟ್ಟೆ ಬಂತು, ಹಳದಿ ಪಟ್ಟೆ ಬಂತು, ಕೊನೆಯಲ್ಲಿ 'ಟೇಪ್ ಲೋಡಿಂಗ್ ಎರರ್'. ಮೂರು ಸಲ ಹಾಗೇ ಆಯಿತು. ಹಿರಿಯರು ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ನಮ್ಮ ಎಂಜಿನಿಯರ್ ಸ್ಕ್ರೂಡ್ರೈವರ್ ತೆಗೆದುಕೊಂಡರು. ಟೇಪಿನ ಸದ್ದನ್ನು ಓದುವ ಹೆಡ್ ಕೂದಲೆಳೆಯಷ್ಟು ವಾಲಿದರೂ ತೀಕ್ಷ್ಣ ಸ್ವರಗಳು ಮಂಕಾಗುತ್ತವೆ. ಹಳೆಯ ಹಾಡಾದರೆ ನಾವು ಸಹಿಸಿಕೊಳ್ಳುತ್ತೇವೆ, ಲಘು ಗುರು ಎಣಿಸುವ ಕಂಪ್ಯೂಟರ್ ಸಹಿಸುವುದಿಲ್ಲ. ಆ ಟೇಪು ತುಂಬಿದ ರೆಕಾರ್ಡರಿನ ಹೆಡ್ ಎಷ್ಟು ವಾಲಿತ್ತೋ ನಮ್ಮದನ್ನೂ ಅಷ್ಟೇ ವಾಲಿಸಬೇಕು. ಅವರು ಕಿವಿಗೊಟ್ಟು, ಸ್ಕ್ರೂ ಅಷ್ಟಷ್ಟೇ ತಿರುಗಿಸುತ್ತಾ ಹೋದರು. 'ಕರ್ರ್' ಸದ್ದು ಹರಿತವಾಯಿತು. "ಈಗ ಹಾಕಿ" ಎಂದರು.

ಈ ಸಲ ತಾಳೆಯಾಯಿತು. ಕಪ್ಪು ಪರದೆ, ಅದರ ಮೇಲೆ ಹಳದಿಯಲ್ಲಿ ಎರಡರ ಮಗ್ಗಿ. ಆದರೆ ಅಂಕಿಗಳು ಇಂಗ್ಲಿಷಿನವಲ್ಲ. ೨, ೪, ೬, ೮!

ಸ್ಪೆಕ್ಟ್ರಂನಲ್ಲಿ ನಮ್ಮದೇ ಆದ 21 ಅಕ್ಷರಗಳನ್ನು ರೂಪಿಸಿಕೊಳ್ಳುವ ಅವಕಾಶವಿತ್ತು. ಅವರು ಗ್ರಾಫ್ ಕಾಗದದಲ್ಲಿ 8ಕ್ಕೆ 8 ಚೌಕ ಗೆರೆ ಹಾಕಿ, ೦ಯಿಂದ ೯ರವರೆಗೆ ಹತ್ತು ಅಂಕಿ ಬರೆದು, ಒಂದೊಂದಕ್ಕೆ ಎಂಟರಂತೆ 80 ಸಂಖ್ಯೆ ಲೆಕ್ಕ ಹಾಕಿ ತುಂಬಿಸಿದ್ದರು. "ಮಗಳು ಸ್ಕೂಲಿನಲ್ಲಿ ಇಂಗ್ಲಿಷ್ ಅಂಕಿ ಕಲಿತಳು, ಬೀದಿಯಲ್ಲಿ ಮರಾಠಿ ಅಂಕಿ ನೋಡಿದಳು. ಕನ್ನಡದ್ದು ಎಲ್ಲಿ ನೋಡಬೇಕು ಹೇಳಿ? ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲಾರದೆ ಅತ್ತಿದ್ದಳು. ಅದಕ್ಕೇ ಬರೆದೆ" ಎಂದರು. ಸರಿ ಉತ್ತರ ಒತ್ತಿದರೆ 'ಪೀಂ' ಎಂದು ಒಂದು ಸ್ವರ, ತಪ್ಪಿದರೆ ಏನೂ ಇಲ್ಲ. "ತಪ್ಪಿಗೆ ಕೆಟ್ಟ ಸದ್ದು ಇಟ್ಟಿದ್ದೆ, ಅವಳು ಹೆದರಿದಳು, ತೆಗೆದುಬಿಟ್ಟೆ."

ಮಗಳು ಈಗ ಹೊರದೇಶದಲ್ಲಿದ್ದಾರೆ. ಆ ಪ್ರೋಗ್ರಾಂ ಕಡತ ಅವರಿಗೂ ಹೋಗಿದೆ. ಅವರ ಮಗ ಅದನ್ನು ಆಡಿದನಂತೆ, ಏಳರ ಮಗ್ಗಿಯಲ್ಲಿ ಎಡವಿದನಂತೆ.

ಮಿತ್ರರೇ, ಸ್ಪೆಕ್ಟ್ರಂನ ಸಾವಿರಾರು ಆಟಗಳು ಇಂದು ಉಳಿದಿರುವುದು ಕಂಪನಿಗಳ ದಯೆಯಿಂದಲ್ಲ. ತಮ್ಮ ಮನೆಯ ಟೇಪುಗಳನ್ನು ಒಂದೊಂದಾಗಿ ನಕಲು ಮಾಡಿಟ್ಟ ಅಭಿಮಾನಿಗಳಿಂದ. ಆದರೆ ಅಂಗಡಿಯಲ್ಲಿ ಮಾರಿದ ಆಟದ ಪ್ರತಿ ಎಲ್ಲಾದರೂ ಸಿಕ್ಕೀತು. ಮನೆಯಲ್ಲಿ ಬರೆದದ್ದಕ್ಕೆ, ಮನೆಯಲ್ಲಿ ಹಾಡಿದ್ದಕ್ಕೆ ಒಂದೇ ಪ್ರತಿ. ನಿಮ್ಮ ಅಟ್ಟದ ಮೇಲೆ, ಟ್ರಂಕಿನೊಳಗೆ ಹೆಸರಿಲ್ಲದ ಕ್ಯಾಸೆಟ್ ಇದ್ದರೆ ಎಸೆಯುವ ಮೊದಲು ಒಮ್ಮೆ ಕೇಳಿ. ಸದ್ದು ವಿಚಿತ್ರವಾಗಿದ್ದರೆ ಇನ್ನೂ ಒಮ್ಮೆ ಕೇಳಿ. ಬಿಸಿಲು, ಸ್ಪೀಕರಿನ ಆಯಸ್ಕಾಂತ ಇವೆರಡರಿಂದ ದೂರವಿಡಿ, ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕಬೇಡಿ, ಗೊತ್ತಿದ್ದವರ ಕೈಗೆ ಕೊಡಿ. ನಕಲು ಮಾಡುವಾಗ ಎಂಪಿ3 ಬೇಡ, ಸದ್ದನ್ನು ಕುಗ್ಗಿಸದ ವೇವ್ ಕಡತವೇ ಇರಲಿ.

ನಮ್ಮ ಎಂಜಿನಿಯರ್ ಸಾಹೇಬರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಕ್ಯಾಸೆಟ್ ತರುವವರು ಅಷ್ಟರೊಳಗೆ ತನ್ನಿ. ಸ್ಕ್ರೂಡ್ರೈವರ್ ಹಿಡಿಯುವುದನ್ನು ನಾನೂ ಕಲಿಯುತ್ತಿದ್ದೇನೆ, ಆದರೆ ಅವರ ಕಿವಿ ನನಗಿನ್ನೂ ಬಂದಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಕೇಳುತ್ತಾ ಇರಿ.